ಓದುಗರ ಪ್ರಶ್ನೆ: ಕ್ರೀಟ್‌ನಲ್ಲಿ ಬಾಡಿಗೆ ಕಾರು

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾವು ನಾಲ್ವರು ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೊರಟಿದ್ದೇವೆ. ಕಾರು ಬಾಡಿಗೆಗೆ ಪಡೆಯಲು ನಮ್ಮ ಕೆಎ-09 ಲೈಸೆನ್ಸ್ ಸಾಕೇ?
– ಕುವೆಂಪುನಗರ, ಮೈಸೂರು

ಸಾಲದು. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಕೊಡುವುದು ನಿಮ್ಮ ಆರ್‌ಟಿಓ. ಸರ್ಕಾರದ ಸಾರಥಿ ಜಾಲತಾಣದಲ್ಲಿ ನಮೂನೆ 4ಎ ಅರ್ಜಿ ಹಾಕಿ, 1,000 ರೂ. ಶುಲ್ಕ ಕಟ್ಟಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್‌ಗಳ ಪ್ರತಿ ಕೈಯಲ್ಲಿರಲಿ. ಪರ್ಮಿಟ್ ನಡೆಯುವುದು ಒಂದೇ ವರ್ಷ. ಬಹಳ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಅಲ್ಲಿ ಪರ್ಮಿಟ್ಟನ್ನೂ ಮೂಲ ಲೈಸೆನ್ಸನ್ನೂ ಒಟ್ಟಿಗೆ ತೋರಿಸಬೇಕು, ಒಂದೇ ಇದ್ದರೆ ಆಗದು. ಡಾಲರ್ ಪಡೆದು ಮನೆಗೇ ಪರ್ಮಿಟ್ ಕಳಿಸುತ್ತೇವೆನ್ನುವ ಖಾಸಗಿ ಜಾಲತಾಣಗಳನ್ನು ನಂಬಬೇಡಿ.

ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರು. ಲೈಸೆನ್ಸ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು ಅಥವಾ ತಂದೆಯ ಹೆಸರು, ಕ್ರೆಡಿಟ್ ಕಾರ್ಡಿನಲ್ಲಿ ಮತ್ತೊಂದು. ಪರ್ಮಿಟ್‌ನಲ್ಲಿ ಪಾಸ್‌ಪೋರ್ಟಿನ ಹೆಸರೇ ಬರಲಿ, ಕಾರನ್ನೂ ಅದೇ ಹೆಸರಿನಲ್ಲಿ ಬುಕ್ ಮಾಡಿ. ಠೇವಣಿ ಮೊತ್ತವನ್ನು ತಡೆಹಿಡಿಯಲು ಸಾಮಾನ್ಯವಾಗಿ ಓಡಿಸುವವರ ಸ್ವಂತ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಡೆಬಿಟ್ ಕಾರ್ಡ್, ಮಗನ ಕಾರ್ಡ್ ಕೌಂಟರಿನಲ್ಲಿ ನಡೆಯುವುದು ಕಷ್ಟ.

ಪ್ರಶ್ನೆ: ‘ಫುಲ್ ಇನ್ಶೂರೆನ್ಸ್’ ಅಂತ ಬರೆದಿದ್ದರೆ ನಿಶ್ಚಿಂತೆಯಾಗಿರಬಹುದೇ?
– ವಿದ್ಯಾನಗರ, ಮಂಡ್ಯ

ಇಲ್ಲ. ಮೂರು ವಿಷಯ ಓದಿಯೇ ಸಹಿ ಹಾಕಿ. ಒಂದು, ‘ಎಕ್ಸೆಸ್’ ಎಷ್ಟು. ಅಂದರೆ ಏಟು ಬಿದ್ದರೆ ಮೊದಲು ನಿಮ್ಮ ಜೇಬಿನಿಂದ ಹೋಗುವ ಮೊತ್ತ. ಅದು ಸೊನ್ನೆ ಇರುವ ವಿಮೆಯನ್ನು ಕೇಳಿ ಪಡೆಯಿರಿ. ಎರಡು, ಟೈರು, ರಿಮ್, ಗಾಜು, ಕನ್ನಡಿ, ಕಾರಿನ ಅಡಿಭಾಗ ಸೇರಿವೆಯೇ? ಅಗ್ಗದ ವಿಮೆಯಲ್ಲಿ ಇವೇ ಹೊರಗಿರುತ್ತವೆ, ದ್ವೀಪದಲ್ಲಿ ಕೆಡುವುದೂ ಇವೇ. ಮೂರು, ಮಣ್ಣುರಸ್ತೆ. ಟಾರಿಲ್ಲದ ಕಡೆ ಓಡಿಸಿ ಪೆಟ್ಟಾದರೆ ಬಹುತೇಕ ಒಪ್ಪಂದಗಳಲ್ಲಿ ವಿಮೆ ಇಲ್ಲ. ಬಾಲೋಸ್ ಕಡಲತೀರಕ್ಕೆ ಹೋಗುವ ಸುಮಾರು 8 ಕಿ.ಮೀ. ದಾರಿ ಇಂಥದ್ದೇ, ಕಲ್ಲಿನ ಹಾದಿ. ಅಲ್ಲಿಗೆ ಕಿಸ್ಸಾಮೊಸ್ ಬಂದರಿನಿಂದ ದೋಣಿ ಇದೆ, ಕಾರನ್ನು ಬಂದರಿನಲ್ಲೇ ನಿಲ್ಲಿಸಿ.

ಬಹಳ ಸಲ ವಿಮೆ ಒಪ್ಪದ ಇನ್ನೊಂದು ನಷ್ಟ ಬಾಗಿಲಿನದು. ಜುಲೈ, ಆಗಸ್ಟ್‌ಗಳಲ್ಲಿ ಬಡಗಣದಿಂದ ಮೆಲ್ಟೆಮಿ ಎಂಬ ಬಿರುಗಾಳಿ ಬೀಸುತ್ತದೆ, ಸೆಪ್ಟೆಂಬರ್‌ನಲ್ಲೂ ಬರಬಹುದು. ಗುಡ್ಡದ ತುದಿಯಲ್ಲಿ ಫೋಟೋಗೆಂದು ನಿಲ್ಲಿಸಿ ಬಾಗಿಲು ಬಿಟ್ಟರೆ ಗಾಳಿ ಅದನ್ನು ಹಿಂದಕ್ಕೆ ಬಗ್ಗಿಸುತ್ತದೆ, ಕೀಲು ಹಾಳು. ಮೂತಿಯನ್ನು ಗಾಳಿಗೆ ಎದುರಾಗಿಟ್ಟು ನಿಲ್ಲಿಸಿ, ಬಾಗಿಲನ್ನು ಕೈಯಲ್ಲಿ ಹಿಡಿದೇ ತೆರೆಯಿರಿ.

ಕಾರು ಪಡೆಯುವಾಗ ಸುತ್ತಲೂ ವಿಡಿಯೋ ಮಾಡಿ: ನಾಲ್ಕೂ ರಿಮ್, ಮುಂದಿನ ಗಾಜು, ಬಂಪರಿನ ಕೆಳಗಡೆ, ಇಂಧನದ ಮುಳ್ಳು. ಅಲ್ಲಿ ಟ್ಯಾಂಕ್ ಕಾಲು ಭಾಗ ತುಂಬಿ ಕೊಡುವವರೂ ಉಂಟು, ಕೊಟ್ಟಷ್ಟೇ ತುಂಬಿಸಿ ಮರಳಿಸಿ. ಬಂಕಿನಲ್ಲಿ ‘ಅಮೋಲಿವ್ಡಿ’ ಎಂದರೆ ಸೀಸರಹಿತ ಪೆಟ್ರೋಲ್. ತಪ್ಪು ಇಂಧನ ಹಾಕಿಸಿದರೂ ವಿಮೆ ಸಿಗದು.

ಪ್ರಶ್ನೆ: ಬಲಬದಿಯಲ್ಲಿ ಓಡಿಸುವುದು ಕಷ್ಟವೇ?
– ಶ್ರೀರಂಗಪಟ್ಟಣ

ಮೊದಲ ಗಂಟೆ ಕಷ್ಟ. ಗೇರು ಬಲಗೈಗೆ ಬರುತ್ತದೆ. ಇಂಡಿಕೇಟರ್ ಎಡಗಡೆಯ ಕಡ್ಡಿಯಲ್ಲಿರುತ್ತದೆ, ತಿರುವಿನಲ್ಲೆಲ್ಲ ವೈಪರ್ ಒರೆಸತೊಡಗಿದರೆ ಗಾಬರಿ ಬೇಡ. ತಪ್ಪುವುದು ತುಂಬಿದ ರಸ್ತೆಯಲ್ಲಲ್ಲ, ಖಾಲಿ ರಸ್ತೆಯಲ್ಲಿ: ಬೆಳಿಗ್ಗೆ ಹೋಟೆಲಿನಿಂದ ಹೊರಬಿದ್ದಾಗ, ಬಂಕಿನಿಂದ ಎಡಕ್ಕೆ ತಿರುಗಿದಾಗ ಕೈ ತಾನಾಗಿಯೇ ಎಡಬದಿ ಹಿಡಿಯುತ್ತದೆ. ಪಕ್ಕದಲ್ಲಿ ಕೂತವರು ‘ಬಲಕ್ಕೆ’ ಅನ್ನುತ್ತಿರಲಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ. ಊರೊಳಗೆ ಹೆಚ್ಚೆಂದರೆ 50 (ಕಿರಿದಾದ ಬೀದಿಗಳಲ್ಲಿ ಇನ್ನೂ ಕಡಿಮೆ), ಹೊರಗೆ ಸಾಮಾನ್ಯವಾಗಿ 90 ಕಿ.ಮೀ. ಮಿತಿ. ಉತ್ತರದ ಹೆದ್ದಾರಿಯಲ್ಲಿ ನಿಧಾನ ಹೋಗುವವರು ಬಲಕ್ಕೆ ಅಂಚಿಗೆ ಸರಿದು ದಾರಿ ಬಿಡುವುದು ವಾಡಿಕೆ. ತಿರುವಿನಲ್ಲಿ ಮಾತ್ರ ಸರಿಯಬೇಡಿ, ಅಲ್ಲಿ ಯಾರಾದರೂ ಗಾಡಿ ನಿಲ್ಲಿಸಿರಬಹುದು. ಹೆಡ್‌ಲೈಟ್ ಮಿಟುಕಿಸಿದರೆ ನಮ್ಮಲ್ಲಿನಂತೆಯೇ ಅರ್ಥ: ‘ನಾನು ಬರ್ತಿದ್ದೀನಿ’.

ಆಟೋಮ್ಯಾಟಿಕ್ ಬೇಕಿದ್ದರೆ ಬೇಗ ಬುಕ್ ಮಾಡಿ. ಕಡಿಮೆ ಇವೆ, ದುಬಾರಿ. ಚಿಕ್ಕ ಕಾರೇ ಒಳ್ಳೆಯದು, ಹಳ್ಳಿಯ ಓಣಿಗಳಲ್ಲಿ ಕನ್ನಡಿ ಮಡಚಿ ಹೋಗಬೇಕಾಗುತ್ತದೆ. ಆದರೆ ನಾಲ್ವರಿಗೆ ನಾಲ್ಕು ದೊಡ್ಡ ಸೂಟ್‌ಕೇಸ್ ಹಿಡಿಯದು.

ಪ್ರಶ್ನೆ: ಏಳು ದಿನದಲ್ಲಿ ದ್ವೀಪವನ್ನೆಲ್ಲ ಸುತ್ತಬಹುದೇ?
– ಸರಸ್ವತಿಪುರಂ, ಮೈಸೂರು

ಬೇಡ. ದ್ವೀಪ ಸುಮಾರು 260 ಕಿ.ಮೀ. ಉದ್ದ. ಪಶ್ಚಿಮದ ಖಾನಿಯಾದಿಂದ ರಾಜಧಾನಿ ಹೆರಾಕ್ಲಿಯೊನ್‌ಗೆ ಸುಮಾರು 140 ಕಿ.ಮೀ., ಮೈಸೂರು–ಬೆಂಗಳೂರಿನಷ್ಟು. ಆದರೆ ದಕ್ಷಿಣಕ್ಕೆ ಬೆಟ್ಟ ದಾಟುವಾಗ ಕಿಲೋಮೀಟರ್ ಲೆಕ್ಕ ಸುಳ್ಳಾಗುತ್ತದೆ: ಖಾನಿಯಾದಿಂದ ಎಲಾಫೊನಿಸಿ ಕಡಲತೀರಕ್ಕೆ 75 ಕಿ.ಮೀ. ಎಂದರೂ ಒಂದೂವರೆ ಗಂಟೆಗೂ ಮೇಲೆ. ಆ ದಾರಿಯಲ್ಲಿನ ಟೊಪೊಲಿಯಾ ಕಣಿವೆಯ ಸುರಂಗ ಒಂದೇ ಗಾಡಿಯ ಅಗಲ, ದೀಪ ಹಸಿರಾಗುವವರೆಗೆ ಕಾಯಬೇಕು. ನಾಲ್ಕು ರಾತ್ರಿ ಖಾನಿಯಾ, ಮೂರು ರಾತ್ರಿ ಹೆರಾಕ್ಲಿಯೊನ್ ಇಟ್ಟುಕೊಳ್ಳಿ. ಕ್ನೋಸೊಸ್ ಅರಮನೆ ಹೆರಾಕ್ಲಿಯೊನ್‌ನಿಂದ 5 ಕಿ.ಮೀ. ಮಾತ್ರ. ಒಂದು ವಿಮಾನ ನಿಲ್ದಾಣದಲ್ಲಿ ಕಾರು ಪಡೆದು ಇನ್ನೊಂದರಲ್ಲಿ ಬಿಡುವುದಾದರೆ ಹೆಚ್ಚುವರಿ ಶುಲ್ಕ ಮೊದಲೇ ಕೇಳಿ.

ಸಮಾರಿಯಾ ಕಮರಿಗೆ ಕಾರು ಬೇಡವೇ ಬೇಡ. ಒಮಾಲೋಸ್‌ನಿಂದ 16 ಕಿ.ಮೀ. ನಡೆದು ಇಳಿದು ಕಡಲಂಚಿನ ಆಯಿಯಾ ರೂಮೆಲಿ ತಲುಪುತ್ತೀರಿ. ಅಲ್ಲಿಗೆ ರಸ್ತೆಯೇ ಇಲ್ಲ, ಹೊರಬರಲು ದೋಣಿ ಹತ್ತಬೇಕು. ಕಾರು ಮೇಲೆ ಬೆಟ್ಟದಲ್ಲೇ ಉಳಿಯುತ್ತದೆ. ಆ ದಿನ ಖಾನಿಯಾದಿಂದ ಬಸ್ ಹಿಡಿಯಿರಿ.

ಪ್ರಶ್ನೆ: ಅದೇ ಕಾರನ್ನು ಹಡಗಿಗೇರಿಸಿ ಸಾಂಟೋರಿನಿ ದ್ವೀಪಕ್ಕೆ ಒಯ್ಯಬಹುದೇ?
– ಮದ್ದೂರು

ಬಾಡಿಗೆಗೆ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಕೂಡದು. ಅನುಮತಿ ಸಿಕ್ಕರೂ ಹಡಗಿನಲ್ಲಿರುವಾಗ ವಿಮೆ ಇರುತ್ತದೆಯೇ ಕೇಳಿ, ಬಹಳ ಸಲ ಇರುವುದಿಲ್ಲ. ಕ್ರೀಟ್‌ನಲ್ಲೇ ಬಿಟ್ಟು, ಅಲ್ಲಿ ಬೇರೆ ಪಡೆಯಿರಿ.