ಒಂದು ಯುಎಸ್‌ಬಿ ಪ್ರಿಂಟರ್, ಎರಡು ಕಂಪ್ಯೂಟರ್: ಪ್ರಿಂಟ್ ಹಂಚಬಹುದು, ಸ್ಕ್ಯಾನರ್‌ಗೆ ಬೇರೆ ದಾರಿ

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿರೋದು ಹೀಗೆ: ಹಾಲ್‌ನಲ್ಲಿರೋ ಡೆಸ್ಕ್‌ಟಾಪ್‌ಗೆ ಕೇಬಲ್‌ನಲ್ಲಿ ಒಂದು ಆಲ್-ಇನ್-ಒನ್ ಪ್ರಿಂಟರ್ ಇದೆ, ವೈಫೈ ಇಲ್ಲದ ಮಾಡೆಲ್. ರೂಮಿನ ಲ್ಯಾಪ್‌ಟಾಪ್‌ನಿಂದಲೂ ಪ್ರಿಂಟ್ ಮತ್ತು ಸ್ಕ್ಯಾನ್ ಎರಡೂ ಆಗಬೇಕು. ಎರಡರಲ್ಲೂ ವಿಂಡೋಸ್. ಹೊಸ ಪ್ರಿಂಟರ್ ತಗೊಳ್ಳೋ ಮನಸ್ಸಿಲ್ಲ.

ನಮ್ಮ ಮನೆಯಲ್ಲೂ ಇದೇ ಸಂಸಾರ. ಎಚ್‌ಪಿ ಲೇಸರ್‌ಜೆಟ್ ಎಂ1005 ಇದೆ, ಝೆರಾಕ್ಸ್ ಅಂಗಡಿಗಳಲ್ಲಿ ನೋಡೇ ಇರ್ತೀರ, 12ಎ ಟೋನರ್ ಹಾಕೋದು. ಹಿಂದೆ ಒಂದು ಯುಎಸ್‌ಬಿ ಕಿಂಡಿ ಬಿಟ್ಟರೆ ನೆಟ್‌ವರ್ಕ್‌ಗೆ ಬೇರೆ ಬಾಗಿಲೇ ಇಲ್ಲ. ಆದರೂ ವರ್ಷಗಳಿಂದ ಮೂರು ಜನ ಅದನ್ನೇ ಬಳಸ್ತಿದ್ದೀವಿ.

ಮೊದಲು ಪ್ರಿಂಟ್ ಯಾಕೆ ಸುಲಭ, ಸ್ಕ್ಯಾನ್ ಯಾಕೆ ಕಷ್ಟ ಅನ್ನೋದು ತಿಳಿದಿರಲಿ. ಪ್ರಿಂಟ್ ಅಂದ್ರೆ ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ಬಂದ ಹಾಗೆ. ಲ್ಯಾಪ್‌ಟಾಪ್ ತನ್ನ ಡಬ್ಬಿಯನ್ನು ಡೆಸ್ಕ್‌ಟಾಪ್‌ನ ಸಾಲಿನಲ್ಲಿಟ್ಟರೆ ಅದರ ಕೆಲಸ ಮುಗೀತು. ಅಲ್ಲಿರೋ ಸ್ಪೂಲರ್, ಅಂದ್ರೆ ಪ್ರಿಂಟ್ ಸಾಲು ನೋಡಿಕೊಳ್ಳೋ ತಂತ್ರಾಂಶ, ಒಂದೊಂದಾಗಿ ಪ್ರಿಂಟರ್‌ಗೆ ಕೊಡುತ್ತೆ. ಸ್ಕ್ಯಾನ್ ಹಾಗಲ್ಲ, ಅದು ಎದುರಾ ಎದುರು ಕೂತು ಮಾತಾಡೋ ವ್ಯವಹಾರ. ಎಷ್ಟು ಡಿಪಿಐ (ಚಿತ್ರ ಎಷ್ಟು ಸೂಕ್ಷ್ಮವಾಗಿ ಬೇಕು), ಬಣ್ಣವೋ ಕಪ್ಪುಬಿಳುಪೋ, ಗಾಜಿನ ಯಾವ ಭಾಗ ಅಂತ ಡ್ರೈವರ್ (ಯಂತ್ರವನ್ನು ನಡೆಸೋ ತಂತ್ರಾಂಶ) ಕೇಳ್ತಾ ಇರುತ್ತೆ, ಯಂತ್ರ ಉತ್ತರ ಕೊಡ್ತಾ ಇರುತ್ತೆ. ಹಳೆಯ ಯುಎಸ್‌ಬಿ ಯಂತ್ರಗಳ ಸ್ಕ್ಯಾನ್ ಡ್ರೈವರ್ ತನ್ನ ಕಂಪ್ಯೂಟರ್‌ಗೆ ಚುಚ್ಚಿದ ಕೇಬಲ್ಲನ್ನು ಮಾತ್ರ ನೋಡುತ್ತೆ. ಅದಕ್ಕೇ ವಿಂಡೋಸ್‌ನಲ್ಲಿ ಪ್ರಿಂಟರ್‌ಗೆ ಶೇರಿಂಗ್ ಟ್ಯಾಬ್ ಇದೆ, ಸ್ಕ್ಯಾನರ್‌ಗೆ ಇಲ್ಲ. ನೀವೇನೋ ತಪ್ಪು ಮಾಡಿದ್ರಿ ಅಂತ ತಲೆ ಕೆಡಿಸ್ಕೋಬೇಡಿ. (ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಇದ್ದಿದ್ದರೆ ಕತೆ ಬೇರೆ. ಅಲ್ಲಿನ ಸೇನ್ ವ್ಯವಸ್ಥೆಯಲ್ಲಿ ಸ್ಕ್ಯಾನರ್ ಹಂಚೋಕೆ ಅಂತಲೇ ಒಂದು ಸೇವೆ ಇದೆ.)

ಈಗ ಪ್ರಿಂಟ್. ಎರಡೂ ಕಂಪ್ಯೂಟರ್ ಒಂದೇ ರೂಟರ್‌ನಲ್ಲಿ ಇರಬೇಕು, ಗೆಸ್ಟ್ ವೈಫೈನಲ್ಲಿ ಬೇಡ. ಅಲ್ಲಿ ಸಾಮಾನ್ಯವಾಗಿ ಒಂದಕ್ಕೊಂದು ಕಾಣಿಸದ ಹಾಗೆ ತಡೆದಿರ್ತಾರೆ. ಎರಡರಲ್ಲೂ ನೆಟ್‌ವರ್ಕ್ ಪ್ರೊಫೈಲ್ 'ಪ್ರೈವೇಟ್' ಮಾಡಿ, 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಆನ್ ಮಾಡಿ. ಡೆಸ್ಕ್‌ಟಾಪ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಶೇರಿಂಗ್ ಟ್ಯಾಬ್‌ನಲ್ಲಿ ಟಿಕ್ ಹಾಕಿ, ಖಾಲಿ ಜಾಗ ಇಲ್ಲದ ಚಿಕ್ಕ ಹೆಸರು ಕೊಡಿ. ಹಳೆ ವಿಡಿಯೋ ನೋಡಿ 'ಹೋಮ್‌ಗ್ರೂಪ್' ಹುಡುಕ್ತಾ ಕೂರಬೇಡಿ, ಅದನ್ನು 2018ರಲ್ಲೇ ವಿಂಡೋಸ್ 10ರಿಂದ ತೆಗೆದುಹಾಕಿದ್ದಾರೆ.

ನಾನು ಒಂದು ಇಡೀ ಭಾನುವಾರ ಕಳಕೊಂಡಿದ್ದು ಪಾಸ್‌ವರ್ಡ್ ವಿಷಯದಲ್ಲಿ. ಡೆಸ್ಕ್‌ಟಾಪ್‌ನ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ, ಮನೆಯದಲ್ವಾ ಅಂತ. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ನೆಟ್‌ವರ್ಕ್ ಮೂಲಕ ಒಳಗೆ ಬರೋಕೆ ವಿಂಡೋಸ್ ಬಿಡಲ್ಲ. ಪಿನ್ ಹಾಕಿದ್ರೂ ನಡೆಯಲ್ಲ, ಪಿನ್ ಏನಿದ್ದರೂ ಆ ಯಂತ್ರದ ಮುಂದೆ ಕೂತವರಿಗೆ. ಕೊನೆಗೆ ಪ್ರಿಂಟ್‌ಗೆ ಅಂತಲೇ ಡೆಸ್ಕ್‌ಟಾಪ್‌ನಲ್ಲಿ ಒಂದು ಲೋಕಲ್ ಖಾತೆ ಮಾಡಿ ಪಾಸ್‌ವರ್ಡ್ ಕೊಟ್ಟೆ. ಲ್ಯಾಪ್‌ಟಾಪ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಡೆಸ್ಕ್‌ಟಾಪ್ ಹೆಸರು ಬರೆದು, ಆ ಖಾತೆಯಿಂದ ಒಳಹೋಗಿ 'ನೆನಪಿಡು' ಅಂತ ಟಿಕ್ ಮಾಡಿದೆ. ಇದೊಂದು ಆದ್ರೆ ಮುಕ್ಕಾಲು ಕೆಲಸ ಆದ ಹಾಗೆ.

ಇಷ್ಟಾದ್ರೂ ಪ್ರಿಂಟರ್ ಸೇರಿಸುವಾಗ, ಕೋಡ್‌ನ ಕೊನೆಯಲ್ಲಿ 11ಬಿ (11b) ಅಂತಿರೋ ಎರರ್ ಬರಬಹುದು. 2021ರಲ್ಲಿ ವಿಂಡೋಸ್‌ನಲ್ಲಿ 'ಪ್ರಿಂಟ್‌ನೈಟ್‌ಮೇರ್' ಅನ್ನೋ ದೊಡ್ಡ ಭದ್ರತಾ ಲೋಪ ಹೊರಬಿದ್ದ ಮೇಲೆ ಮೈಕ್ರೋಸಾಫ್ಟ್‌ನವರು ಪ್ರಿಂಟ್ ವ್ಯವಸ್ಥೆಯನ್ನು ಒಂದಾದ ಮೇಲೊಂದು ಅಪ್‌ಡೇಟ್‌ನಲ್ಲಿ ಬಿಗಿ ಮಾಡಿದ್ರು. ಈ ಎರರ್ ಹೆಚ್ಚಾಗಿ ಕಾಣಿಸಿಕೊಂಡಿದ್ದು ಅದೇ ವರ್ಷದ ಸೆಪ್ಟೆಂಬರ್ ಅಪ್‌ಡೇಟ್ ಆದಮೇಲೆ. ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳೋ ರಿಜಿಸ್ಟ್ರಿಯಲ್ಲಿ ಒಂದು ಸೊನ್ನೆ ಬರೆದ್ರೆ ಸರಿಹೋಗುತ್ತೆ ಅಂತ ಹತ್ತಾರು ವಿಡಿಯೋಗಳಿವೆ. ಸರಿಹೋಗೋದು ನಿಜ, ಆದರೆ ಅದು ಬೀಗ ತೆಗೆದು ಬಾಗಿಲು ಸಲೀಸಾಯ್ತು ಅಂದ ಹಾಗೆ. ನಾನು ಮಾಡಲ್ಲ. ನನ್ನ ದಾರಿ ಇದು: ಒಮ್ಮೆ ಕೇಬಲ್ ಕಿತ್ತು ಲ್ಯಾಪ್‌ಟಾಪ್‌ಗೇ ಚುಚ್ಚಿ, ಡ್ರೈವರ್ ಹಾಕಿ, ಒಂದು ಟೆಸ್ಟ್ ಪೇಜ್ ತೆಗೀರಿ. ಕೇಬಲ್ ವಾಪಸ್ ಡೆಸ್ಕ್‌ಟಾಪ್‌ಗೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಅದೇ ಪ್ರಿಂಟರ್‌ನ ಪ್ರಾಪರ್ಟೀಸ್, ಪೋರ್ಟ್ಸ್ ಟ್ಯಾಬ್, ಆ್ಯಡ್ ಪೋರ್ಟ್, ಲೋಕಲ್ ಪೋರ್ಟ್. ಅಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಡೆಸ್ಕ್‌ಟಾಪ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ನೀವು ಕೊಟ್ಟ ಶೇರ್ ಹೆಸರು. ಒಂದು ಯಂತ್ರ 32 ಬಿಟ್, ಇನ್ನೊಂದು 64 ಬಿಟ್ ಆಗಿದ್ರೂ ಈ ರೀತಿ ಮಾಡಿದ್ರೆ ಡ್ರೈವರ್ ತಕರಾರು ಇರಲ್ಲ.

ಐಪಿ ವಿಳಾಸದ ಬದಲು ಕಂಪ್ಯೂಟರ್ ಹೆಸರನ್ನೇ ಬಳಸಿ. ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ವಿಳಾಸ ಹಂಚಿಬಿಟ್ರೆ ನಿನ್ನೆ ಬರ್ತಿದ್ದ ಪ್ರಿಂಟ್ ಇವತ್ತು ಬರಲ್ಲ. ಡೆಸ್ಕ್‌ಟಾಪ್ ಆನ್ ಇರಲೇಬೇಕು, ಸ್ಲೀಪ್‌ಗೆ ಹೋಗಬಾರದು ಅನ್ನೋದು ಹೇಳಬೇಕಿಲ್ಲ ತಾನೆ.

ಇನ್ನು ಸ್ಕ್ಯಾನ್. ಒಂದು ನಿಮಿಷ ಯೋಚನೆ ಮಾಡಿ: ಆಧಾರ್ ಕಾರ್ಡನ್ನು ಗಾಜಿನ ಮೇಲೆ ಇಡೋಕೆ ಹೇಗಿದ್ರೂ ಎದ್ದು ಹಾಲ್‌ಗೆ ಹೋಗಲೇಬೇಕು. ಹೋದವರು ಡೆಸ್ಕ್‌ಟಾಪ್‌ನಲ್ಲೇ ಸ್ಕ್ಯಾನ್ ಒತ್ತಿ ಬಂದ್ರಾಯ್ತು. ಹಂಚಬೇಕಾದ್ದು ಫೋಲ್ಡರ್. ನಾನು ಡೆಸ್ಕ್‌ಟಾಪ್‌ನಲ್ಲಿ 'ಸ್ಕ್ಯಾನ್' ಅಂತ ಒಂದು ಫೋಲ್ಡರ್ ಶೇರ್ ಮಾಡಿ, ಸ್ಕ್ಯಾನ್ ಆಗಿದ್ದೆಲ್ಲ ಅಲ್ಲೇ ಬೀಳೋ ಹಾಗೆ ಮಾಡಿದ್ದೀನಿ. ರೂಮಿಗೆ ವಾಪಸ್ ಬರೋ ಹೊತ್ತಿಗೆ ಫೈಲ್ ಲ್ಯಾಪ್‌ಟಾಪ್‌ನಲ್ಲಿ ಕಾಣ್ತಿರುತ್ತೆ. ಪಿಡಿಎಫ್ ಅಥವಾ ಜೆಪೆಗ್ ಆಗಿ ಉಳಿಸಿ. ಕುಗ್ಗಿಸದೆ ಇಟ್ಟರೆ 300 ಡಿಪಿಐನ ಒಂದು ಬಣ್ಣದ ಎ4 ಹಾಳೆಯೇ ಸುಮಾರು 26 ಎಂಬಿ ಆಗುತ್ತೆ.

ಪ್ರಿವ್ಯೂ ನೋಡಿ ಅಂಚು ಕತ್ತರಿಸೋದೂ ಲ್ಯಾಪ್‌ಟಾಪ್‌ನಲ್ಲೇ ಆಗಬೇಕು ಅಂದ್ರೆ ನ್ಯಾಪ್ಸ್2 (NAPS2) ಅನ್ನೋ ಉಚಿತ ತಂತ್ರಾಂಶ ಎರಡರಲ್ಲೂ ಹಾಕಿ. ಅದರಲ್ಲಿ ಸ್ಕ್ಯಾನರ್ ಶೇರಿಂಗ್ ಇದೆ: ಡೆಸ್ಕ್‌ಟಾಪ್‌ನಲ್ಲಿರೋದು ತನ್ನ ಡ್ರೈವರ್‌ನಿಂದಲೇ ಸ್ಕ್ಯಾನ್ ಮಾಡಿ ಚಿತ್ರವನ್ನು ನೆಟ್‌ವರ್ಕ್‌ನಲ್ಲಿ ಕಳಿಸುತ್ತೆ. ಚೆನ್ನಾಗಿದೆ, ಆದರೂ ನಮ್ಮ ಮನೆಯಲ್ಲಿ ಫೋಲ್ಡರೇ ಗೆದ್ದಿದ್ದು.

ಪೆನ್‌ಡ್ರೈವ್‌ನಲ್ಲಿ ಫೈಲ್ ಒಯ್ದು ಪ್ರಿಂಟ್ ತೆಗೆದ್ರೆ ಸಾಲದಾ ಅಂತ ಯಾರೋ ಹೇಳಬಹುದು. ನನ್ನ ಹೆಂಡತಿ ಟೀಚರ್, ಪ್ರಶ್ನೆಪತ್ರಿಕೆಯನ್ನು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡ್ತಾಳೆ, ಯೂನಿಕೋಡ್ ಅಲ್ಲ. ಆ ಫಾಂಟ್ ಲ್ಯಾಪ್‌ಟಾಪ್‌ನಲ್ಲಿತ್ತು, ಡೆಸ್ಕ್‌ಟಾಪ್‌ನಲ್ಲಿ ಇರಲಿಲ್ಲ. ಬೆಳಗ್ಗೆ ಏಳೂವರೆಗೆ ಮೂವತ್ತು ಪ್ರತಿ ಹೊರಬಂತು, ಒಂದರಲ್ಲೂ ಒಂದಕ್ಷರ ಕನ್ನಡ ಇಲ್ಲ, ಬರೀ ಕೊಕ್ಕೆ ಬಾಲಗಳಿರೋ ಇಂಗ್ಲಿಷ್ ಅಕ್ಷರಗಳು. ನಾನು ಶೇರಿಂಗ್ ಕೆಲಸಕ್ಕೆ ಕೂತಿದ್ದು ಅವತ್ತು ಸಂಜೆ.