ಸಂಬಳ ಏರಿದ ಮೇಲೂ ಐಬಿಆರ್‌ನಲ್ಲೇ ಇರಬಹುದಾ?

ಪ್ರಶ್ನೆ: ನಾನು ಹಾಸನದವಳು, ಈಗ ಅಮೆರಿಕದ ಪ್ರಜೆ, ಓಹಾಯೋದಲ್ಲಿ ಡಾಕ್ಟರ್. 2017ರಲ್ಲಿ ಮೆಡಿಕಲ್ ಸೇರಿದಾಗಿಂದ ಆದ ಫೆಡರಲ್ (ಕೇಂದ್ರ ಸರ್ಕಾರದ) ಶಿಕ್ಷಣ ಸಾಲ 2,40,000 ಡಾಲರ್, ಬಡ್ಡಿ 6.5%. ರೆಸಿಡೆನ್ಸಿಯ (ಓದು ಮುಗಿದ ಮೇಲಿನ ಆಸ್ಪತ್ರೆ ತರಬೇತಿಯ) ನಾಲ್ಕೂ ವರ್ಷ ಲಾಭರಹಿತ ಆಸ್ಪತ್ರೆಯಲ್ಲಿದ್ದು, ಆದಾಯಕ್ಕೆ ತಕ್ಕ ಕಂತಿನ ಐಬಿಆರ್ ಪ್ಲಾನ್‌ನಲ್ಲಿ ಕಟ್ಟಿದೆ. ಈಗ ವರ್ಷಕ್ಕೆ 3,60,000 ಡಾಲರ್ ಸಂಬಳ, ಮದುವೆಯಾಗಿಲ್ಲ. ನನ್ನನ್ನು ಹೊರಗೆ ಹಾಕುತ್ತಾರಾ? ಅಪ್ಪ ಬೋನಸ್ಸಿನ 25,000 ಡಾಲರ್ ಸಾಲಕ್ಕೆ ಕಟ್ಟಿಬಿಡು ಅಂತಿದ್ದಾರೆ.

ಉತ್ತರ: ಹೊರಗೆ ಹಾಕಲ್ಲ, ಧೈರ್ಯವಾಗಿರಿ. ಬೋನಸ್ ಮಾತ್ರ ಸದ್ಯಕ್ಕೆ ಕಟ್ಟಬೇಡಿ.

ನಿಮ್ಮ ಸಾಲ 2014ರ ಜುಲೈ ನಂತರದ್ದು, ಹಾಗಾಗಿ ಬಡತನ ರೇಖೆಯ ಒಂದೂವರೆ ಪಟ್ಟು (2025ರ ಲೆಕ್ಕದಲ್ಲಿ ಒಬ್ಬರಿಗೆ 23,475 ಡಾಲರ್) ಕಳೆದು ಉಳಿದ ಆದಾಯದ 10% ಕಟ್ಟಬೇಕು. ಅದು ತಿಂಗಳಿಗೆ ಸುಮಾರು 2,804 ಆಗುತ್ತದೆ. ಆದರೆ ಐಬಿಆರ್‌ಗೆ ಒಂದು ಮಿತಿ ಇದೆ: ಪ್ಲಾನ್ ಸೇರಿದಾಗಿನ ಸಾಲವನ್ನು ಹತ್ತು ವರ್ಷದಲ್ಲಿ ತೀರಿಸೋಕೆ ಎಷ್ಟು ಕಂತು ಬೇಕೋ, ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ನಿಮಗೆ ಅದು ಸುಮಾರು 2,725. ನಾಳೆ ಸಂಬಳ ಐದು ಲಕ್ಷ ಆದರೂ ಅಷ್ಟೇ.

ಈಗಿನ ಆಸ್ಪತ್ರೆ ಯಾವುದು ಅಂತ ನೀವು ಬರೆದಿಲ್ಲ, ಎಲ್ಲಾ ನಿಂತಿರೋದು ಅದರ ಮೇಲೇ. ಕೆಲಸ ಕೊಟ್ಟವರು ವರ್ಷಕ್ಕೊಮ್ಮೆ ಕೊಡುವ ಸಂಬಳ-ತೆರಿಗೆ ಪತ್ರ ಡಬ್ಲ್ಯೂ-2 ತೆಗೆದು ‘ಬಿ’ ಬಾಕ್ಸ್‌ನಲ್ಲಿರುವ ಒಂಬತ್ತು ಅಂಕಿಯ ನಂಬರನ್ನು ಸ್ಟೂಡೆಂಟ್ ಏಡ್ ಸರ್ಕಾರಿ ಸೈಟಿನಲ್ಲಿ ಹಾಕಿ, ಸಾಲ ಮನ್ನಾಗೆ ಆ ಸಂಸ್ಥೆ ಅರ್ಹವೇ ಅಂತ ನೋಡಿ. ಆಸ್ಪತ್ರೆ ಲಾಭರಹಿತ ಆಗಿದ್ದರೂ ಸಂಬಳ ಕೊಡೋದು ಖಾಸಗಿ ಡಾಕ್ಟರ್ ಗ್ರೂಪ್ ಆಗಿರಬಹುದು. ಎಷ್ಟೋ ಜನ ಎಡವೋದು ಇಲ್ಲೇ, ದಯವಿಟ್ಟು ಇದನ್ನು ಮೊದಲು ನೋಡಿ.

ಅರ್ಹ ಅಂತ ಬಂದರೆ ಪಿಎಸ್‌ಎಲ್‌ಎಫ್ (ಸರ್ಕಾರಿ, ಲಾಭರಹಿತ ಸಂಸ್ಥೆಗಳಲ್ಲಿ ಕೆಲಸ ಮಾಡುವವರ ಸಾಲ ಮನ್ನಾ ಯೋಜನೆ) ಅಡಿಯಲ್ಲಿ 120 ಕಂತು ಸಾಕು. ರೆಸಿಡೆನ್ಸಿಯ 48 ಆಗಲೇ ಆಗಿದೆ, ಉಳಿದದ್ದು 72. ಅಷ್ಟು ಕಟ್ಟಿದ ಮೇಲೂ ಕಡಿಮೆಯೆಂದರೂ 1,15,000 ಡಾಲರ್ ಬಾಕಿ ಇರುತ್ತದೆ. ಅದು ಪೂರ್ತಿ ಮನ್ನಾ, ಫೆಡರಲ್ ತೆರಿಗೆಯೂ ಇಲ್ಲ. ಬೋನಸ್ ಬೇಡ ಅಂದದ್ದು ಇದಕ್ಕೇ, ಈಗ ಜಾಸ್ತಿ ಕಟ್ಟಿದ ದುಡ್ಡು ಮನ್ನಾ ಆಗುವ ಮೊತ್ತದಿಂದಲೇ ಹೋಗುತ್ತದೆ. ಅದರ ಬದಲು 403(ಬಿ) ಅನ್ನುವ ನಿವೃತ್ತಿ ಉಳಿತಾಯ ಖಾತೆಗೆ 23,500 ಹಾಕಿದರೆ ತೆರಿಗೆ ಲೆಕ್ಕದ ಆದಾಯ ಇಳಿದು, ಮುಂದಿನ ಕಂತು ಸುಮಾರು 2,609ಕ್ಕೆ ಬರುತ್ತದೆ.

ಖಾಸಗಿ ಕೆಲಸ ಆದರೆ ಲೆಕ್ಕವೇ ಬೇರೆ. 2,725 ಕಟ್ಟುತ್ತಾ ಹೋದರೆ ಹತ್ತು ಹನ್ನೊಂದು ವರ್ಷಕ್ಕೆ ಸಾಲವೇ ಮುಗಿಯುತ್ತದೆ, ಐಬಿಆರ್‌ನ ಇಪ್ಪತ್ತನೇ ವರ್ಷದ ಮನ್ನಾಗೆ ಸುಮ್ನೆ ಕಾಯೋದರಲ್ಲಿ ಏನೂ ಇಲ್ಲ. ಆಗ ಅಪ್ಪ ಹೇಳಿದ್ದೇ ಸರಿ, ಬೋನಸ್ ಕಟ್ಟಿ. ಕಡಿಮೆ ಬಡ್ಡಿಗೆ ಬ್ಯಾಂಕ್ ಸಾಲಕ್ಕೂ ಬದಲಾಯಿಸಬಹುದು, ಆದರೆ ಒಮ್ಮೆ ಹೋದರೆ ಆ 48 ಕಂತಿನ ಎಣಿಕೆ ಹೋಯಿತು, ವಾಪಸ್ ಬರಲ್ಲ. ಮುಂದೆ ಲಾಭರಹಿತ ಆಸ್ಪತ್ರೆಗೆ ಹೋಗುವ ಆಸೆ ಇದ್ದರೆ ತಡೆಯಿರಿ.

2025ರ ಜುಲೈನಲ್ಲಿ ಬಂದ ಕಾನೂನಿನ ಹೊಸ ಪ್ಲಾನ್ ರ‍್ಯಾಪ್‌ಗೆ ಬದಲಾಗಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದರಲ್ಲಿ ಮಿತಿಯೇ ಇಲ್ಲ, ನಿಮ್ಮ ಸಂಬಳಕ್ಕೆ ತಿಂಗಳಿಗೆ 3,000 ಆಗುತ್ತದೆ.