ಬರೆದಿದ್ದು 40, ಗೂಗಲ್‌ನಿಂದ ಬಂದ ಓದುಗರು ಸೊನ್ನೆ

ನಿಮ್ಮ ವರ್ಡ್‌ಪ್ರೆಸ್ ಬ್ಲಾಗ್‌ನ 40 ಬರಹಕ್ಕೂ ಗೂಗಲ್ ಹುಡುಕಾಟದಿಂದ ಒಬ್ಬರೂ ಬಂದಿಲ್ಲವೆಂದರೆ, ಬರವಣಿಗೆಗಿಂತ ಮೊದಲು ಸೆಟ್ಟಿಂಗ್ ಮೇಲೆ ಅನುಮಾನಪಡಿ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ತೆರೆದು, ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಟಿಕ್ ಇದ್ದರೆ ತೆಗೆಯಿರಿ. ಬ್ಲಾಗ್ ಕಟ್ಟುವಾಗ ಹಾಕಿದ ಈ ಟಿಕ್ ಎಷ್ಟೋ ಸಲ ಹಾಗೇ ಉಳಿದುಬಿಡುತ್ತದೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ (ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗಿದೆ ಎಂದು ತೋರಿಸುವ ಗೂಗಲ್‌ನ ಉಚಿತ ಸಾಧನ) ಬ್ಲಾಗ್ ಸೇರಿಸಿ, ಸೈಟ್‌ಮ್ಯಾಪ್ (ಬ್ಲಾಗ್‌ನ ಪುಟಗಳ ಪಟ್ಟಿಯಿರುವ ಫೈಲ್) ಕೊಡಿ. ಒಂದು ಬರಹದ ಪೂರ್ತಿ ಲಿಂಕನ್ನು ಕನ್ಸೋಲ್‌ನ ಮೇಲ್ಭಾಗದ ಹುಡುಕಾಟದ ಚೌಕದಲ್ಲಿ ಹಾಕಿ. ಅದು ಇಂಡೆಕ್ಸ್ ಆಗಿಲ್ಲದಿದ್ದರೆ, ಅಂದರೆ ಗೂಗಲ್‌ನ ಹುಡುಕಾಟದ ಸಂಗ್ರಹಕ್ಕೆ ಸೇರಿಲ್ಲದಿದ್ದರೆ, ಕಾರಣ ಅಲ್ಲೇ ಕಾಣುತ್ತದೆ. ಸರಿಪಡಿಸಿ ಮತ್ತೆ ಇಂಡೆಕ್ಸಿಂಗ್ ಕೇಳಿ. ಇದಕ್ಕೆ ಕೆಲವು ದಿನವೂ ಆಗಬಹುದು, ವಾರಗಳೂ ಆಗಬಹುದು.

ಇಂಡೆಕ್ಸ್ ಆಗಿಯೂ ಓದುಗರಿಲ್ಲವೇ? ಆಗ ಶೀರ್ಷಿಕೆ ನೋಡಿ. ‘ನನ್ನ ತೋಟದ ಕನಸು’ ಎಂದು ಯಾರೂ ಹುಡುಕುವುದಿಲ್ಲ, ‘ಗುಲಾಬಿ ಎಲೆ ಹಳದಿಯಾಗುವುದೇಕೆ’ ಎಂದು ಹುಡುಕುತ್ತಾರೆ. ಶೀರ್ಷಿಕೆ ಬದಲಿಸಿ, ಉತ್ತರವನ್ನು ಮೊದಲ ಪ್ಯಾರಾದಲ್ಲೇ ಕೊಡಿ, ಬರಹದ ಲಿಂಕ್ ಮಾತ್ರ ಹಾಗೇ ಇರಲಿ.